ತೆರೆದ ಬಾವಿಯೋ, ಬೋರ್‌ವೆಲ್ಲೋ?

ಶಿರಸಿ ಕಡೆ ತೋಟಕ್ಕೆ ನೀರು ಬೇಕು, ಬಾವಿ ತೋಡಿಸಲೋ ಬೋರ್ ಹೊಡೆಸಲೋ ಅಂತ ಯೋಚಿಸುತ್ತಿದ್ದೀರಾ? ಮೊದಲು ಕಾಲ ಕೆಳಗಿನ ಕಲ್ಲು ನೋಡಿ. ನಮ್ಮಲ್ಲಿ ಹೆಚ್ಚಿನ ಕಡೆ ಮೇಲ್ಪದರ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಅದರ ತುಂಬ ತೂತು. ಮಳೆನೀರು ಸಲೀಸಾಗಿ ಇಳಿಯುತ್ತದೆ, ಹಾಗೇ ಹಳ್ಳದತ್ತ ಬೇಗ ಜಾರಿಯೂ ಹೋಗುತ್ತದೆ. ಅದಕ್ಕೇ ಆಗಸ್ಟ್‌ನಲ್ಲಿ ತುಂಬಿದ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ. ಆದರೆ ಮಳೆ ಬಂದರೆ ಮತ್ತೆ ತುಂಬುತ್ತದೆ, ಅಲ್ವಾ?

ಬೋರ್ ಕೆಳಗಿನ ಗಟ್ಟಿ ಬಂಡೆಗೆ ಇಳಿಯುತ್ತದೆ. ಅಲ್ಲಿ ನೀರಿರುವುದು ಬಿರುಕಿನಲ್ಲಿ. ಬಿರುಕು ತಪ್ಪಿದರೆ 300 ಅಡಿ ಹೋದರೂ ಒಣ. ಶೇಲ್ ಎಂಬ ಪದರಗಲ್ಲಿನಿಂದ ಗ್ಯಾಸ್ ತೆಗೆಯುವಾಗ ಮಾಡುವಂತೆ, ನೀರಿನ ಒತ್ತಡದಿಂದ ಬಿರುಕು ಅಗಲಿಸುವ ಕ್ರಮ ಬೋರ್‌ಗೂ ಇದೆ. ಇಲ್ಲದ ನೀರನ್ನು ಅದು ತರುವುದಿಲ್ಲ. ಕಾರವಾರದ ಕಡಲಂಚಿನಲ್ಲಂತೂ ಜಾಸ್ತಿ ಎಳೆದರೆ ಉಪ್ಪುನೀರು ಒಳಗೆ ಬರುತ್ತದೆ.

ನಾನಾದರೆ ಬಾವಿಯನ್ನೇ ಆರಿಸುತ್ತೇನೆ, ಮೇಲ್ಗಡೆ ಇಂಗುಗುಂಡಿ ತೋಡಿಸಿ.