ಲವ್ ಬರ್ಡ್ಸ್ ಪಂಜರಕ್ಕೆ ಮಡಕೆ ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಟ್ಟೆ ಇಡಲಾಗದೆ ಒದ್ದಾಡುವ ಹಕ್ಕಿಯ ಹೊಟ್ಟೆಯನ್ನು ಯಾವ ಕಾರಣಕ್ಕೂ ಒತ್ತಬೇಡಿ. ಎಣ್ಣೆ ಹಚ್ಚಿ ಮೆತ್ತಗೆ ಒತ್ತಿದರೆ ಜಾರಿ ಬರುತ್ತದೆ ಅಂತ ಯಾರು ಹೇಳಿದರೂ ಕೇಳಬೇಡಿ. ನಾವು ಕೇಳಿದೆವು, ಹಕ್ಕಿ ಸತ್ತಿತು.

ನಮ್ಮದು ಶಿವಮೊಗ್ಗ. ಮಗಳು ಹಟ ಮಾಡಿದಳು ಅಂತ ಒಂದು ಜೋಡಿ ಲವ್ ಬರ್ಡ್ಸ್ ತಂದೆವು. ನಿಜ ಹೇಳಬೇಕೆಂದರೆ ಇವು ಲವ್ ಬರ್ಡ್ಸ್ ಅಲ್ಲ, ಆಸ್ಟ್ರೇಲಿಯಾ ಮೂಲದ ಬಜರಿಗರ್, ಆದರೆ ನಮ್ಮ ಕಡೆ ಎಲ್ಲರೂ ಹಾಗೇ ಕರೆಯುವುದು. ಅಂಗಡಿಯವನು ಹೇಳಿದ್ದು ಇಷ್ಟೇ: "ನವಣೆ ಹಾಕಿ, ನೀರಿಡಿ, ಮಡಕೆ ಕಟ್ಟಿ, ಮರಿ ತಾನಾಗೇ ಆಗ್ತವೆ ಸಾರ್." ಹೆಣ್ಣು ಹಸಿರು ಬಣ್ಣದ್ದು, ಹಣೆಯ ಮೇಲೆ ಕೊಕ್ಕಿನವರೆಗೂ ಸಣ್ಣ ಸಣ್ಣ ಕಪ್ಪು ಗೆರೆ. ಎಷ್ಟು ಚೆಂದ ಇದೆ ಅಂದುಕೊಂಡೆವು. ಆ ಗೆರೆ ಇದ್ದರೆ ಅದಿನ್ನೂ ಮೂರು ನಾಲ್ಕು ತಿಂಗಳ ಮರಿ ಅಂತ ಆಮೇಲೆ ಗೊತ್ತಾಯಿತು.

ಮಡಕೆ ಕಟ್ಟಿದ್ದೇ ತಡ, ಸ್ವಲ್ಪ ದಿನಕ್ಕೇ ಒಳಗೆ ಹೋಗಿ ಕೂತಿತು. ಐದು ಮೊಟ್ಟೆ, ನಾಲ್ಕು ಮರಿ. ಮರಿಗಳು ಇನ್ನೂ ಮಡಕೆ ಬಿಟ್ಟಿರಲಿಲ್ಲ, ಎರಡನೇ ಸಲ ಇಡಲು ಶುರು ಮಾಡಿತು. ಮನೆಗೆ ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದೇ ಪಟ್ಟಿದ್ದು. ಅಲ್ಲಿಗೆ ಮಡಕೆ ತೆಗೆಯಬೇಕಿತ್ತು. ತೆಗೆಯಲಿಲ್ಲ.

ಮೂರನೇ ಸಲ ಇಟ್ಟಿದ್ದು ಜುಲೈನಲ್ಲಿ. ಮಳೆ ಹಿಡಿದು ವಾರವಾಗಿತ್ತು, ಬಿಸಿಲು ಕಂಡಿರಲಿಲ್ಲ. ಎರಡನೇ ಮೊಟ್ಟೆ ಒರಟೊರಟಾಗಿತ್ತು, ಒಂದು ಕಡೆ ಸಣ್ಣ ತಗ್ಗು, ಬೆರಳಿಟ್ಟರೆ ಅಲ್ಲಿ ಸಿಪ್ಪೆ ಮೆತ್ತಗೆ ಕುಸಿಯುತ್ತಿತ್ತು. ಆ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ, ಮತ್ತೆ ಒಳಗಿಟ್ಟು, ಸುಮ್ನೆ ಆಫೀಸಿಗೆ ಹೋದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಹೆಣ್ಣು ಪಂಜರದ ತಳದಲ್ಲಿ ಕೂತಿದೆ. ಪುಕ್ಕವೆಲ್ಲ ಉಬ್ಬಿಸಿಕೊಂಡು ಚೆಂಡಿನ ಹಾಗಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಚಳಿ ಇರಬೇಕು ಅಂತ ಗೋಣಿಚೀಲ ಹೊದಿಸಿ ತಿಂಡಿಗೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲು ಎಳೆಯುತ್ತಿತ್ತು. ಗೊತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಭಾವ ಮೊಬೈಲಿನಲ್ಲಿ ಯಾವುದೋ ವಿಡಿಯೋ ಹುಡುಕಿದರು, ಹರಳೆಣ್ಣೆ ಎರಡು ಹನಿ, ಬೆರಳಿಂದ ಮೆಲ್ಲಗೆ ಒತ್ತುವುದು, ಮೊಟ್ಟೆ ಟಪ್ ಅಂತ ಹೊರಗೆ. ನಾನು ಹಕ್ಕಿ ಹಿಡಿದುಕೊಂಡೆ, ಅವರು ಒತ್ತಿದರು. ಒಳಗೆ ಏನೋ ಚಟ್ಟೆಂದಿದ್ದು ನನ್ನ ಅಂಗೈಗೇ ತಿಳಿಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸತ್ತಿತು.

ಮರುದಿನ ಪಶುವೈದ್ಯರೊಬ್ಬರು ಬೈಯದೆ ವಿವರಿಸಿದರು. ಇದಕ್ಕೆ ಮೊಟ್ಟೆ ಕಟ್ಟಿಕೊಳ್ಳುವುದು ಅನ್ನುತ್ತಾರಂತೆ. ಸುಣ್ಣದಂಶ ಬೇಕಾಗಿರುವುದು ಬರೀ ಸಿಪ್ಪೆಗಲ್ಲ, ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಬೇಕು. ಅದು ಕಡಿಮೆಯಾದರೆ ಸಿಪ್ಪೆಯೂ ಮೆತ್ತಗೆ, ತಳ್ಳುವ ಶಕ್ತಿಯೂ ಇಲ್ಲ. ಸಿಕ್ಕಿಕೊಂಡ ಮೊಟ್ಟೆ ನರ ಒತ್ತುವುದರಿಂದ ಕಾಲು ಎಳೆಯುತ್ತದೆ. ಒಳಗೆ ಒಡೆದರೆ ಚೂರುಗಳು ಕೊಯ್ಯುತ್ತವೆ, ನಂಜಾಗುತ್ತದೆ. ಲೆಕ್ಕ ಹಾಕಿ ನೋಡಿ, 35 ಗ್ರಾಂ ಹಕ್ಕಿ ದಿನ ಬಿಟ್ಟು ದಿನ 2 ಗ್ರಾಂ ಮೊಟ್ಟೆ ಇಡುತ್ತದೆ. 60 ಕೆಜಿ ಹೆಂಗಸು ದಿನ ಬಿಟ್ಟು ದಿನ ಮೂರೂವರೆ ಕೆಜಿ ಮಗು ಹೆತ್ತ ಹಾಗೆ. ಅದಕ್ಕೆ ನಾವು ಹಾಕಿದ್ದು ಬರೀ ನವಣೆ, ಅದರಲ್ಲಿ ಸುಣ್ಣದಂಶ ತೀರಾ ಕಡಿಮೆ. ಬಿಸಿಲು ಬೀಳದಿದ್ದರೆ ತಿಂದ ಸುಣ್ಣವೂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಹಿಂದೆ ಇಟ್ಟ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನೇ ಗಾಜು ತಡೆಯುತ್ತದೆ.

ಹಾಗಾದರೆ ಆ ಬೆಳಿಗ್ಗೆ ಮಾಡಬೇಕಿದ್ದದ್ದು ಏನು? ಗಂಡನ್ನು ಬೇರೆ ಮಾಡಿ, ಪಂಜರದ ಒಂದು ಪಕ್ಕಕ್ಕೆ ಹೊರಗಿನಿಂದ 40 ವ್ಯಾಟಿನ ಹಳೇ ಕಾಲದ, ಬಿಸಿಯಾಗುವ ತಂತಿ ಬಲ್ಬು ಹಚ್ಚಿ ಸುಮಾರು 30 ಡಿಗ್ರಿ ಬೆಚ್ಚಗಿಡುವುದು, ಬಿಸಿ ಜಾಸ್ತಿಯಾದರೆ ಸರಿದುಕೊಳ್ಳಲು ಇನ್ನೊಂದು ಪಕ್ಕ ಖಾಲಿ ಬಿಡುವುದು, ಗಾಳಿಗೆ ತೇವ ಸಿಗಲಿ ಅಂತ ಹತ್ತಿರ ಒದ್ದೆ ಬಟ್ಟೆ ನೇತುಹಾಕುವುದು. ಇಷ್ಟು ಮಾಡುತ್ತಲೇ ಹಕ್ಕಿ ನೋಡುವ ಡಾಕ್ಟರನ್ನು ಹುಡುಕುವುದು. ಅವರ ಹತ್ತಿರ ಕ್ಯಾಲ್ಸಿಯಂ ಇಂಜೆಕ್ಷನ್ ಇರುತ್ತದೆ. ಬಲ್ಬು ಚಿಕಿತ್ಸೆ ಅಲ್ಲ, ದಾರಿಯಲ್ಲಿ ಜೀವ ಹಿಡಿದಿಡಲು ಅಷ್ಟೇ. ನಾಳೆ ನೋಡೋಣ ಅನ್ನುವ ರೋಗ ಇದಲ್ಲ. ಡಾಕ್ಟರ ನಂಬರನ್ನು ಮಡಕೆ ಕಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ.

ಇದೆಲ್ಲ ಬರದ ಹಾಗೆ ಮಾಡುವುದು ಸುಲಭ, ಅದೇ ಹೊಟ್ಟೆ ಉರಿಯುವುದು. ಹೆಣ್ಣಿಗೆ ಒಂದು ವರ್ಷ ತುಂಬದೆ ಮಡಕೆ ಬೇಡ. ವರ್ಷಕ್ಕೆ ಎರಡೇ ಸಲ, ಆಮೇಲೆ ಮಡಕೆ ಇಳಿಸಿ ಒಳಗಿಡಿ. ಪಂಜರದಲ್ಲಿ ಯಾವಾಗಲೂ ಕಟಲ್ ಬೋನ್ ಇರಲಿ, ಅಂದರೆ ಕಟಲ್ ಫಿಶ್ ಅನ್ನುವ ಸಮುದ್ರ ಜೀವಿಯ ಮೈಯೊಳಗಿನ ಸುಣ್ಣದ ಚಿಪ್ಪು, ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಸಿಗುವುದೂ ಅದೇ. ಕೋಳಿಮೊಟ್ಟೆ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿ ಮಾಡಿಟ್ಟರೂ ಆಯಿತು. ನುಗ್ಗೆ ಸೊಪ್ಪು ಕೊಡಿ. ಪಾಲಕ್ ನೆಚ್ಚಿಕೊಳ್ಳಬೇಡಿ, ಅದು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ, ಮರಿ ಬೇಡ ಅಂತ ಮೊಟ್ಟೆ ಎತ್ತಿ ಬಿಸಾಡುವುದು. ಎತ್ತಿದಷ್ಟೂ ಅದು ಇನ್ನಷ್ಟು ಇಡುತ್ತದೆ.

ಗಂಡು ಎರಡು ದಿನ ಮಡಕೆ ಬಾಯಲ್ಲಿ ಕೂತು ತಲೆ ಒಳಗೆ ಹಾಕಿ ಹಾಕಿ ನೋಡುತ್ತಿತ್ತು, ಕೊಕ್ಕಿಗೆ ತಿನ್ನಿಸಲು ತಂದ ಕಾಳು ಮೆತ್ತಿಕೊಂಡಿತ್ತು. ಮೂರನೇ ದಿನ ಮಡಕೆ ತೆಗೆದು ಹಿತ್ತಲಿಗೆ ಹಾಕಿದೆ.

ಮೊನ್ನೆ ಪಕ್ಕದ ಮನೆಯವರು ಹೊಸದಾಗಿ ಜೋಡಿ ತಂದಿದ್ದಾರೆ, ಆ ಮಡಕೆ ಕೊಡ್ತೀರಾ ಅಂತ ಕೇಳಿದರು. ಹೆಣ್ಣಿಗೆ ಎಷ್ಟು ತಿಂಗಳು ಅಂದೆ. ಗೊತ್ತಿಲ್ಲ ಅಂದರು. ಹಣೆ ಮೇಲೆ ಗೆರೆ ಇದೆಯಾ ನೋಡೋಣ ಅಂತ ಅವರ ಜೊತೆ ಹೊರಟೆ. ಮಡಕೆ ಅಲ್ಲೇ ಬಿದ್ದಿದೆ.