ಪೊರೆ ಬಿಡುವ ಹಾವಿಗೊಂದು ತೇವದ ಪೆಟ್ಟಿಗೆ: ಬಳಸಿ ನೋಡಿದ ಮೇಲೆ

ಪೊರೆ ಬಿಡುವ ಹೊತ್ತಿನಲ್ಲಿ ಸಾಕುಹಾವು ಒಳಸೇರಿ ಮಲಗಲೆಂದು ಮಾರುವ ತೇವದ ಪೆಟ್ಟಿಗೆಯೊಂದನ್ನು ನನ್ನ ಬಾಲ್ ಪೈಥಾನ್ ಮತ್ತು ಕಾರ್ನ್ ಸ್ನೇಕ್ ಎರಡಕ್ಕೂ ಸಾಕಷ್ಟು ಕಾಲ ಬಳಸಿದ್ದೇನೆ. ಮುಚ್ಚಳವಿರುವ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಒಣಗಿಸಿದ ಸ್ಫ್ಯಾಗ್ನಮ್ ಪಾಚಿಯ ಪೊಟ್ಟಣ, ಮುಳ್ಳಿನ ತೇವಮಾಪಕ ಮತ್ತು ಒಂದು ಕೈಪಿಡಿ ಇದರೊಂದಿಗೆ ಬರುತ್ತವೆ. ಪೆಟ್ಟಿಗೆ ಮತ್ತು ಪಾಚಿಯನ್ನು ಮನಸಾರೆ ಮೆಚ್ಚುತ್ತೇನೆ. ಮಾಪಕವನ್ನು ನಂಬುವಂತಿಲ್ಲ. ಕೈಪಿಡಿಯಲ್ಲಿರುವ ಒಂದು ಸಲಹೆಯಂತೂ ಹಾವಿಗೆ ಅಪಾಯಕಾರಿ.

ಪೊರೆ ಬಿಡುವ ಕಾಲದಲ್ಲಿ ಹಾವನ್ನು ಎತ್ತಿಕೊಳ್ಳದಿರುವುದೇ ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ, ಮತ್ತು ಈ ಪೆಟ್ಟಿಗೆ ಆ ಸಂಯಮವನ್ನು ಸುಲಭಗೊಳಿಸುತ್ತದೆ. ಹಳೆಯ ಚರ್ಮಕ್ಕೂ ಅದರಡಿ ಬೆಳೆಯುತ್ತಿರುವ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಳ್ಳುವುದರಿಂದ ಮೈಬಣ್ಣ ಮಾಸುತ್ತದೆ, ಕಣ್ಣುಗಳು ಹಾಲು ಬೆರೆತ ನೀಲಿಯಾಗುತ್ತವೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಪೊರೆಯೂ ಚರ್ಮದ ಭಾಗವೇ ಆದ್ದರಿಂದ ಈ ದಿನಗಳಲ್ಲಿ ಅದಕ್ಕೆ ಸರಿಯಾಗಿ ಕಾಣಿಸುವುದಿಲ್ಲ, ಹತ್ತಿರ ಬಂದ ಕೈಯನ್ನು ಕಂಡು ಬೆದರಿ ಕಚ್ಚಲು ಮುಂದಾಗಬಹುದು, ಎಳೆಯ ಹೊಸ ಚರ್ಮಕ್ಕೆ ಒತ್ತಡದಿಂದ ಗಾಯವೂ ಆಗಬಹುದು. ಕಣ್ಣು ಮತ್ತೆ ತಿಳಿಯಾದ ಕೆಲವು ದಿನಗಳಲ್ಲಿ ಪೊರೆ ಕಳಚುತ್ತದೆ. ಇಡೀ ಪ್ರಕ್ರಿಯೆಗೆ ಸಾಮಾನ್ಯವಾಗಿ 7ರಿಂದ 14 ದಿನ ಹಿಡಿಯುತ್ತದೆ. ಈ ಅವಧಿಯಲ್ಲಿ ಹಾವು ಊಟ ಬಿಟ್ಟರೆ ಗಾಬರಿಯಾಗಬೇಕಿಲ್ಲ.

ನೀರಿನಲ್ಲಿ ನೆನೆಸಿ, ಹನಿ ಬೀಳದಷ್ಟು ಹಿಂಡಿದ ಪಾಚಿಯನ್ನು ಪೆಟ್ಟಿಗೆಯ ಅರ್ಧದವರೆಗೆ ತುಂಬಿ ಗೂಡಿನ ಬೆಚ್ಚಗಿನ ಬದಿಗಿಟ್ಟರೆ, ಗೂಡೆಲ್ಲ ಒದ್ದೆಯಾಗದೆ ಒಳಗೆ ಮಾತ್ರ ಒಳ್ಳೆಯ ತೇವ ನಿಲ್ಲುತ್ತದೆ. ಕಾರ್ನ್ ಸ್ನೇಕ್‌ಗೆ ಇದೇ ದೊಡ್ಡ ಅನುಕೂಲ, ಏಕೆಂದರೆ ಅದರ ಗೂಡಿನಲ್ಲಿ ಶೇ. 40ರಿಂದ 60ರಷ್ಟು ತೇವಾಂಶ ಸಾಕು, ಸದಾ ಒದ್ದೆಯಾದ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆಗಳು ಕೊಳೆಯತೊಡಗುತ್ತವೆ. ಪೆಟ್ಟಿಗೆಯ ಬಾಗಿಲಿನ ಅಂಚನ್ನು ನುಣುಪಾಗಿ ಉಜ್ಜಿರುವುದನ್ನು ಇಲ್ಲಿ ಹೇಳಲೇಬೇಕು. ಮೂತಿಯನ್ನು ಉಜ್ಜಿ ತುಟಿಯ ಬಳಿ ಪೊರೆಯನ್ನು ಬಿಡಿಸಿಕೊಳ್ಳುವ ಪ್ರಾಣಿಗೆ ಚೂಪಾದ ಪ್ಲಾಸ್ಟಿಕ್ ಅಂಚು ಗಾಯ ಮಾಡುತ್ತದೆ. ಈ ಪೆಟ್ಟಿಗೆ ಬಂದ ಮೇಲೆ ಎರಡು ಹಾವುಗಳೂ ತುಟಿಯಿಂದ ಬಾಲದ ತುದಿಯವರೆಗೆ ಒಳಮೈ ಹೊರಗಾದ ಒಂದೇ ತುಂಡಾಗಿ ಪೊರೆ ಬಿಡುತ್ತಿವೆ.

ಕೈಪಿಡಿಯ ಮೇಲೆ ನನಗಿರುವ ಆಕ್ಷೇಪ ಗಂಭೀರವಾದದ್ದು. ಕಣ್ಣಿನ ಮೇಲೆ ಪೊರೆ ಉಳಿದರೆ ಚಿಮುಟದಿಂದ ಮೆಲ್ಲನೆ ಎಳೆಯಿರಿ ಎಂದು ಅದರಲ್ಲಿ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಡಿಯಲ್ಲಿರುವ ಹೊಸ ಪೊರೆಯೂ ಕಿತ್ತುಬಂದು ಕಣ್ಣೇ ಹಾಳಾಗಬಹುದು. ತೇವ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯಬೇಕು ಅಥವಾ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಬಾಲದ ತುದಿಯಲ್ಲಿ ಉಳಿದ ಪೊರೆಯ ಉಂಗುರವನ್ನು ಮಾತ್ರ ಅಲಕ್ಷಿಸುವಂತಿಲ್ಲ, ಅದು ಬಿಗಿದು ರಕ್ತಸಂಚಾರವನ್ನು ತಡೆಯುತ್ತದೆ. ಉಗುರುಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಹಾವನ್ನು ಸ್ವಲ್ಪ ಹೊತ್ತು ಬಿಟ್ಟು, ಅನಂತರ ಒದ್ದೆ ಬಟ್ಟೆಯ ನಡುವೆ ತಾನೇ ಜಾರಿಹೋಗಲು ಬಿಡುವುದು ಸರಿಯಾದ ಕ್ರಮ.

ಇನ್ನು ಮಲಮೂತ್ರದ ವಿಚಾರ. ಕೊಳ್ಳುವವರು ಹೆಚ್ಚಾಗಿ ಯೋಚಿಸದ ಸಂಗತಿ ಇದು. ಅನೇಕ ಹಾವುಗಳು ಪೊರೆ ಬಿಟ್ಟ ಕೂಡಲೇ, ಕೆಲವೊಮ್ಮೆ ಪೆಟ್ಟಿಗೆಯೊಳಗೇ, ಮಲ ವಿಸರ್ಜಿಸುತ್ತವೆ. ಕಂದು ಬಣ್ಣದ ಮಲದ ಜೊತೆ ಸೀಮೆಸುಣ್ಣದಂಥ ಬಿಳಿಯ ಗಟ್ಟಿ ಅಂಶವೂ ಬರುತ್ತದೆ. ನೀರನ್ನು ಉಳಿಸಿಕೊಳ್ಳಲು ಹಾವು ತನ್ನ ಸಾರಜನಕದ ತ್ಯಾಜ್ಯವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೀಗೆ ಹೊರಹಾಕುತ್ತದೆ. ಬಾಲ್ ಪೈಥಾನ್ ಹಲವು ವಾರ ಮಲ ವಿಸರ್ಜಿಸದಿದ್ದರೂ, ಹೊಟ್ಟೆ ಊದದೆ ಹಾವು ಲವಲವಿಕೆಯಿಂದಿದ್ದರೆ ಅದು ಸಹಜವೇ. ಬಿಳಿಯ ಅಂಶ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಹಸಿರಾಗಿದ್ದರೆ ವೈದ್ಯರನ್ನು ಕಾಣಬೇಕು. ಇದನ್ನೆಲ್ಲ ಗಮನಿಸುವುದಕ್ಕೆ ಪಾಚಿ ಅಡ್ಡಿ, ಏಕೆಂದರೆ ಅದು ದ್ರವವನ್ನು ಹೀರಿ ಬಣ್ಣವನ್ನು ಮರೆಮಾಚುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಪಾಚಿ, ಹೊರಗಿನ ನೆಲಕ್ಕೆ ಬರಿಯ ಕಾಗದ ಎಂಬ ಏರ್ಪಾಡು ನನಗೆ ಹಿಡಿಸಿದೆ. ಒಳಗೆ ಗಲೀಜಾದರೆ ಪಾಚಿಯನ್ನೆಲ್ಲ ಎಸೆದು ಪೆಟ್ಟಿಗೆಯನ್ನು ಬಿಸಿನೀರು ಮತ್ತು ಸಾಬೂನಿನಿಂದ ತೊಳೆಯುತ್ತೇನೆ; ಮೂಲೆಗಳು ದುಂಡಗಿರುವುದರಿಂದ ಕೊಳೆ ನಿಲ್ಲುವುದಿಲ್ಲ. ಸರೀಸೃಪಗಳ ಮಲದಿಂದ ಮನುಷ್ಯರಿಗೆ ಹೊಟ್ಟೆಯ ಸೋಂಕು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಲ್ಲದು, ಹಾಗಾಗಿ ಅಡುಗೆಮನೆಯ ತೊಟ್ಟಿಯಲ್ಲಿ ಇದನ್ನು ತೊಳೆಯಬಾರದು.

ಮುಳ್ಳಿನ ಮಾಪಕವನ್ನು ಡಿಜಿಟಲ್ ಮಾಪಕದ ಪಕ್ಕದಲ್ಲಿಟ್ಟಾಗ ಎರಡರ ಅಂಕಿಗಳು ದೂರದೂರವಿದ್ದವು, ಆದ್ದರಿಂದ ಡಿಜಿಟಲ್ ಒಂದನ್ನು ಬೇರೆಯಾಗಿ ಕೊಳ್ಳಿ. ಅಳತೆಯ ವಿಷಯದಲ್ಲಿ, ಹಾವು ಸುರುಳಿ ಸುತ್ತಿದಾಗ ಮೈ ಗೋಡೆಗಳಿಗೆ ತಾಗುವಷ್ಟು ಚಿಕ್ಕದನ್ನೇ ಆರಿಸಿ. ವಿಶಾಲವಾದ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್‌ಗೆ ಭದ್ರತೆಯ ಭಾವ ಬರುವುದಿಲ್ಲ, ಅದು ಒಳಗೆ ಹೋಗುವುದನ್ನೇ ಬಿಡಬಹುದು.