ಅಗ್ಗದ ಬಿರುಗೂದಲ ಶೇವಿಂಗ್ ಬ್ರಶ್: ಬಳಸಿ ನೋಡಿದ ಮೂರರ ಹೋಲಿಕೆ

ಹಂದಿಯ ಬಿರುಗೂದಲಿನ ಶೇವಿಂಗ್ ಬ್ರಶ್ಶನ್ನು ಹೆಚ್ಚು ಖರ್ಚಿಲ್ಲದೆ ಕೊಳ್ಳಬೇಕೆಂದಿರುವವರು ಒಮೆಗಾ 10049 ಅನ್ನೇ ಕೊಳ್ಳಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇಟಲಿಯ ಬೊಲೋನ್ಯಾದಲ್ಲಿರುವ ಈ ಕಂಪನಿ 1931ರಿಂದ ಬ್ರಶ್ ತಯಾರಿಕೆಯನ್ನೇ ಕಸುಬಾಗಿ ನಡೆಸಿಕೊಂಡು ಬಂದಿದೆ. 10049 ಕ್ಷೌರದಂಗಡಿಗಳಲ್ಲಿ ದಿನವಿಡೀ ದುಡಿಯಲೆಂದೇ ಮಾಡಿದ ಬ್ರಶ್ಶು. ಇದಕ್ಕೆ ಮೊದಲು ಬೆಂಗಳೂರಿನ ಉತ್ತರಹಳ್ಳಿಯಲ್ಲಿ ನಮ್ಮ ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ನೂರು ರೂಪಾಯಿಯೊಳಗೆ ಸಿಕ್ಕಿದ ಬಿರುಗೂದಲ ಬ್ರಶ್ಶನ್ನೂ ಆನ್‌ಲೈನಿನಲ್ಲಿ ತರಿಸಿದ ಸಿಂಥೆಟಿಕ್ ಬ್ರಶ್ಶನ್ನೂ ಬಳಸಿದ್ದೇನೆ. ಸೋಪು, ರೇಜರು, ನಲ್ಲಿಯ ನೀರು ಮೂರಕ್ಕೂ ಒಂದೇ ಆಗಿದ್ದರಿಂದ, ಕಂಡ ವ್ಯತ್ಯಾಸ ಬ್ರಶ್ಶಿನದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ನನ್ನ ಅಭ್ಯಾಸವನ್ನೂ ಹೇಳಿಬಿಡಬೇಕು. ನಾನು ದಿನವೂ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗಡ್ಡ ತೆಗೆಯುವವನು. ಟ್ಯೂಬಿನ ಕ್ರೀಮ್ ಬಿಟ್ಟು ಗಟ್ಟಿ ಸೋಪು ಬಳಸುತ್ತೇನೆ. ನೊರೆಯನ್ನು ಬಟ್ಟಲಿನಲ್ಲಿ ಕಲಸದೆ ಕೆನ್ನೆಯ ಮೇಲೆಯೇ ಎಬ್ಬಿಸುತ್ತೇನೆ. ಗಟ್ಟಿ ಸೋಪಿನ ಮೇಲೆ ಉಜ್ಜಿದಾಗ ಬಳುಕಿ ಮಲಗಿಬಿಡುವ ಬ್ರಶ್ಶಿನಿಂದ ನನಗೆ ಉಪಯೋಗವಿಲ್ಲ. ಬುಡದಲ್ಲಿ ಬಿಗಿ, ತುದಿಯಲ್ಲಿ ಮೆತ್ತಗೆ ಇರುವುದು ಬಿರುಗೂದಲಿನ ಸಹಜ ಗುಣವಾದ್ದರಿಂದ ನನ್ನ ಒಲವು ಮೊದಲಿನಿಂದಲೂ ಅದರ ಕಡೆಗೇ ಇದೆ.

ಮೆಡಿಕಲ್ ಶಾಪಿನ ಬ್ರಶ್ಶಿನ ವಿಷಯದಲ್ಲಿ ನನ್ನನ್ನು ಕಾಡಿದ್ದು ಒಂದೇ ತೊಂದರೆ, ಕೂದಲು ಉದುರುವುದು. ಇದನ್ನು ಸಣ್ಣದೆಂದು ತಳ್ಳಿಹಾಕುವವರು ಅದನ್ನು ಅನುಭವಿಸಿಲ್ಲವೆಂದೇ ತೋರುತ್ತದೆ. ಬಿಳಿಯ ನೊರೆಯೊಳಗೆ ಮಾಸಲು ಬಿಳಿಯ ಕೂದಲು ಕಣ್ಣಿಗೆ ಬೀಳುವುದಿಲ್ಲ. ರೇಜರನ್ನು ಎಳೆದಾಗ ಅದು ಬ್ಲೇಡಿಗೂ ಚರ್ಮಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ, ಬ್ಲೇಡು ಅಲ್ಲಿ ತಡೆದು ಮುಂದಕ್ಕೆ ಹಾರುತ್ತದೆ, ದವಡೆಯ ತಿರುವಿನಲ್ಲಿ ಗೀರು ಬೀಳುತ್ತದೆ. ಮೀಸೆಯ ಜಾಗದಲ್ಲಿ ಉದುರಿದ ಕೂದಲು ತುಟಿಗೆ ಅಂಟಿಕೊಳ್ಳುತ್ತದೆ. ನೊರೆ ತೊಳೆದು, ಕೂದಲು ಹುಡುಕಿ ತೆಗೆದು, ಮತ್ತೆ ನೊರೆ ಹಚ್ಚುವಷ್ಟರಲ್ಲಿ ಬಸ್ಸಿನ ಹೊತ್ತು ಮೀರಿರುತ್ತದೆ.

ಬಿರುಗೂದಲ ಬ್ರಶ್ಶು ಯಾವುದೇ ಆದರೂ ಹೊಸದರಲ್ಲಿ ನಾಲ್ಕಾರು ಕೂದಲು ಉದುರಿಸುತ್ತದೆ. ಗಂಟಿನಲ್ಲಿ, ಅಂದರೆ ಹಿಡಿಗೆ ಅಂಟಿಸಿದ ಕೂದಲಿನ ಕಟ್ಟಿನಲ್ಲಿ, ಅಂಟು ಸರಿಯಾಗಿ ಹಿಡಿಯದೆ ಉಳಿದ ಕೂದಲುಗಳು ಅವು, ಕೆಲವು ದಿನಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ನಿಲ್ಲದಿದ್ದರೆ ಉದುರಿದ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ನೋಡಬೇಕು. ತುಂಡು ತುಂಡಾಗಿದ್ದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ, ಅಂದರೆ ಸಾಕಷ್ಟು ನೆನೆಸದೆ ಒಣಗಿದ ಬ್ರಶ್ಶನ್ನೇ ಒತ್ತಿ ಉಜ್ಜುತ್ತಿರಬಹುದು. ಎರಡು ಮೂರು ನಿಮಿಷ ಬೆಚ್ಚನೆಯ ನೀರಿನಲ್ಲಿಟ್ಟರೆ ಸರಿಹೋಗುತ್ತದೆ. ಪೂರ್ತಿ ಉದ್ದದ ಕೂದಲೇ ಬುಡಸಮೇತ ಬಂದಿದ್ದರೆ ಅಂಟು ಬಿಡುತ್ತಿದೆ, ಅದಕ್ಕೆ ಮನೆಮದ್ದಿಲ್ಲ. ನನ್ನ ಬ್ರಶ್ಶಿನಿಂದ ಬರುತ್ತಿದ್ದವೆಲ್ಲ ಪೂರ್ತಿ ಉದ್ದದವು, ಕೆಲವುಗಳ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಹಳದಿ ಅಂಟಿನ ಚೂರೂ ಇತ್ತು. ಕುದಿಯುವ ನೀರಿಗೆ ಹಾಕದೆ, ತಲೆಕೆಳಗಾಗಿ ನೇತುಹಾಕಿ ಒಣಗಿಸಿಯೂ ನೋಡಿದೆ. ಉದುರುವುದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ಗಂಟಿನ ನಡುವೆ ಬೆರಳು ತೂರುವಷ್ಟು ತೆರಪು ಬಿತ್ತು.

ಆ ಬ್ರಶ್ಶು ಕೆನ್ನೆಗೆ ಚುಚ್ಚುತ್ತಿದ್ದುದಕ್ಕೂ ಕಾರಣವಿದೆ. ಹಂದಿಯ ಕೂದಲಿನ ತುದಿ ತಾನಾಗಿಯೇ ಸೀಳಿ ಕವಲೊಡೆದಿರುತ್ತದೆ, ಮೃದುತ್ವ ಬರುವುದು ಆ ಕವಲುಗಳಿಂದ. ಅಗ್ಗದ ಬ್ರಶ್ಶುಗಳಿಗೆ ಗುಂಡನೆಯ ಆಕಾರ ಬರಲೆಂದು ತುದಿಯನ್ನೇ ಕತ್ತರಿಸಿದರೆ ಕವಲು ಹೋಗಿ ಮೊಂಡು ಕೂದಲು ಉಳಿಯುತ್ತದೆ. ಒಮೆಗಾದಲ್ಲಿ ಕವಲುಗಳು ಇದ್ದ ಹಾಗೆಯೇ ಇವೆ, ಬಳಸಿದಷ್ಟೂ ಇನ್ನಷ್ಟು ಸೀಳುತ್ತ ಹೋಗುತ್ತವೆ. ಮೊದಲ ಕೆಲವು ವಾರ ನೊರೆ ಜಿಪುಣತನದಿಂದ ಬರುತ್ತಿತ್ತು, ಬಂದದ್ದನ್ನೂ ಬ್ರಶ್ಶೇ ನುಂಗಿಕೊಳ್ಳುತ್ತಿತ್ತು. ಆಮೇಲೆ ಅದೇ ಸೋಪಿನಲ್ಲಿ ಎರಡು ಸಲ ಹಚ್ಚಿದರೂ ಮಿಗುವಷ್ಟು ನೊರೆ ಬರತೊಡಗಿತು. ಈ ಪಳಗುವ ಕಾಲವನ್ನು ತಾಳ್ಮೆಯಿಂದ ಕಳೆಯದವರು ಬಿರುಗೂದಲನ್ನು ಅನ್ಯಾಯವಾಗಿ ದೂರುತ್ತಾರೆ.

ಹೊಸ ಬ್ರಶ್ಶಿಗೆ ಪ್ರಾಣಿಯ ವಾಸನೆ ಇರುತ್ತದೆ. ಸೋಪಿನ ನೊರೆ ತುಂಬಿ ಒಂದು ರಾತ್ರಿ ಬಿಟ್ಟು ತೊಳೆದರೆ ಬಹುಪಾಲು ಹೋಗುತ್ತದೆ. ಕೂದಲಿನಿಂದ ಸೋಂಕು ತಗಲುವುದೇ ಎಂದು ನಮ್ಮ ಮನೆಯಲ್ಲೂ ಕೇಳಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಶೇವಿಂಗ್ ಬ್ರಶ್ಶುಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್ ತಗಲಿದ್ದು ನಿಜ. ಕೂದಲನ್ನು ಕ್ರಿಮಿಶುದ್ಧ ಮಾಡುವ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಲು ಆ ಪ್ರಕರಣಗಳೂ ಕಾರಣ. ಎಲ್ಲಿ ತಯಾರಾಯಿತೆಂದೂ ಬರೆಯದ ಬ್ರಶ್ಶಿಗಿಂತ ಹೆಸರುಳ್ಳ ತಯಾರಕರ ಬ್ರಶ್ಶು ನನಗೆ ಹೆಚ್ಚು ನೆಮ್ಮದಿ ಕೊಡಲು ಇದೂ ಒಂದು ಕಾರಣ.

ಬೆಂಗಳೂರಿನಲ್ಲಿ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬ್ರಶ್ಶಿನ ಮಾತಾಡುವಂತಿಲ್ಲ. ಕಾವೇರಿ ನೀರು ಬರುವ ದಿನ ಸೋಪು ಚೆನ್ನಾಗಿ ನೊರೆಗಟ್ಟುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ದಿನ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಜಿಡ್ಡುಜಿಡ್ಡಾದ ಬಿಳಿ ಗಸಿಯಾಗುತ್ತದೆ, ಅದು ಕೂದಲಿನ ಬುಡದಲ್ಲಿ ಕೂರುತ್ತದೆ. ಒಮೆಗಾದ ಕೂದಲು ಉದ್ದವಾಗಿರುವುದರಿಂದ ಬುಡದವರೆಗೆ ಬೆರಳಿನಿಂದ ಬಿಡಿಸಿ ತೊಳೆಯಲು ಸುಲಭ. ಆಗಾಗ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ.

ಸಿಂಥೆಟಿಕ್ ಬ್ರಶ್ಶಿನ ಬಗ್ಗೆ ದೂರಿಲ್ಲ. ಅದನ್ನು ನೆನೆಸಬೇಕಿಲ್ಲ, ಪಳಗಿಸಬೇಕಿಲ್ಲ, ಮಳೆಗಾಲದಲ್ಲೂ ಬೇಗ ಒಣಗುತ್ತದೆ, ಒಂದು ಕೂದಲೂ ಉದುರಿಲ್ಲ. ಹಂದಿಯ ಕೂದಲು ತಮ್ಮ ಧರ್ಮಕ್ಕೋ ಮನಸ್ಸಿಗೋ ಒಗ್ಗದು ಎನ್ನುವವರು ನಿಶ್ಚಿಂತೆಯಿಂದ ಅದನ್ನೇ ಕೊಳ್ಳಬಹುದು. ಗಟ್ಟಿ ಸೋಪಿನ ಮೇಲೆ ಅದು ಜಾರುತ್ತದೆ ಎಂಬುದಷ್ಟೇ ನನ್ನ ಅಡ್ಡಿ. ಊರಿಗೆ ಹೋಗುವಾಗ ಒದ್ದೆ ಬ್ರಶ್ಶನ್ನು ಚೀಲಕ್ಕೆ ಹಾಕಬೇಕಾಗುವುದರಿಂದ ನಾನೂ ಅದನ್ನೇ ಒಯ್ಯುತ್ತೇನೆ.

ಒಮೆಗಾಗೆ ನಾನು ಕೊಟ್ಟದ್ದು ಸಾವಿರಕ್ಕೆ ಸ್ವಲ್ಪ ಹೆಚ್ಚು. ನೂರು ರೂಪಾಯಿಯ ಬ್ರಶ್ಶಿನ ಎದುರು ಅದು ದುಬಾರಿಯೆಂದು ಕಾಣುತ್ತದೆ, ಆದರೆ ಬಿಲ ಕರಡಿಯ (ಬ್ಯಾಡ್ಜರ್) ಕೂದಲಿನ ಒಳ್ಳೆಯ ಬ್ರಶ್ಶುಗಳಿಗೆ ಇದರ ಹಲವು ಪಟ್ಟು ಬೆಲೆ. ದಿನವೂ ಗಡ್ಡ ತೆಗೆಯುವವನಿಗೆ ಇದು ಹೊರೆಯಲ್ಲ; ವಾರಕ್ಕೊಮ್ಮೆ ಕ್ರೀಮ್ ಹಚ್ಚಿ ಮುಗಿಸುವವರಿಗೆ ಸಿಂಥೆಟಿಕ್ ಸಾಕು. ಉದ್ದ ಕೂದಲಿನ ಬ್ರಶ್ಶು ಮುಖದ ಮೇಲೆ ತೀರ ಬಳುಕುತ್ತದೆ ಎನಿಸಿದರೆ, ಹಿಡಿಯನ್ನಷ್ಟೇ ಹಿಡಿಯದೆ ಬೆರಳುಗಳನ್ನು ಕೂದಲಿನ ಬುಡದವರೆಗೆ ಇಳಿಸಿ ಹಿಡಿದು ತಿರುಗಿಸಿ. ನನಗೆ ಅದರಿಂದಲೇ ಬೇಕಾದ ಬಿಗಿ ಸಿಕ್ಕಿತು.